ಜುಲೈ-ಆಗಸ್ಟ್‌ನಲ್ಲಿ ಕೀನ್ಯಾದ ಮಸಾಯಿ ಮಾರಾ ಸಫಾರಿಗೆ ಹೊರಡುವವರು ಏನೇನು ತಯಾರಿ ಮಾಡಿಕೊಳ್ಳಬೇಕು?

ಎಲ್ಲಕ್ಕಿಂತ ಮೊದಲು ಹಳದಿ ಜ್ವರದ ಲಸಿಕೆ. ಸರ್ಕಾರ ಗುರುತಿಸಿದ ಕೇಂದ್ರಗಳಲ್ಲಿ ಮಾತ್ರ ಹಾಕುತ್ತಾರೆ, ಹೊರಡುವುದಕ್ಕೆ ಕನಿಷ್ಠ 10 ದಿನ ಮುಂಚೆ ಹಾಕಿಸಿಕೊಂಡಿರಬೇಕು. ಆ ಸರ್ಟಿಫಿಕೇಟ್ ಪಾಸ್‌ಪೋರ್ಟ್ ಜೊತೆಗೇ ಇರಲಿ. ಅದಿಲ್ಲದೆ ವಾಪಸ್ ಬಂದಿಳಿದರೆ ನಮ್ಮಲ್ಲಿ 6 ದಿನದವರೆಗೆ ಕ್ವಾರಂಟೈನ್ ಮಾಡಬಹುದು. ಮಲೇರಿಯಾ ಮಾತ್ರೆ ಯಾವುದೆಂದು ವೈದ್ಯರನ್ನೇ ಕೇಳಿ. ಊರಿಗೆ ಬಂದ ಮೇಲೂ ಕೋರ್ಸ್ ಮುಗಿಸಲೇಬೇಕು.

ವೀಸಾ ಬದಲಿಗೆ 2024ರಿಂದ ಇಟಿಎ (ಎಲೆಕ್ಟ್ರಾನಿಕ್ ಪ್ರಯಾಣ ಅನುಮತಿ) ಬಂದಿದೆ, ಆನ್‌ಲೈನ್‌ನಲ್ಲೇ ಅರ್ಜಿ ಹಾಕಬಹುದು.

ನೈರೋಬಿಯ ವಿಲ್ಸನ್ ನಿಲ್ದಾಣದಿಂದ ಪುಟ್ಟ ವಿಮಾನದಲ್ಲಿ ಹೋಗುವುದಾದರೆ ಲಗೇಜು ಸಾಮಾನ್ಯವಾಗಿ 15 ಕೆ.ಜಿ. ಮಾತ್ರ, ಅದೂ ಮೆತ್ತನೆಯ ಬ್ಯಾಗಿನಲ್ಲಿ. ಪ್ಲಾಸ್ಟಿಕ್ ಕ್ಯಾರಿಬ್ಯಾಗ್‌ಗಳಿಗೆ ಅಲ್ಲಿ 2017ರಿಂದ ನಿಷೇಧವಿದೆ. ಚಪ್ಪಲಿ, ಒಗೆಯುವ ಬಟ್ಟೆಗೆಲ್ಲ ಬಟ್ಟೆಚೀಲವೇ ಸರಿ.

ಆಫ್ರಿಕಾ ಎಂದರೆ ಬರೀ ಸೆಕೆ ಅಂದುಕೊಳ್ಳಬೇಡಿ. ಮಾರಾ ಇರುವುದು ಸುಮಾರು 1,500 ಮೀಟರ್ ಎತ್ತರದಲ್ಲಿ. ಬೆಳಿಗ್ಗೆ ಆರಕ್ಕೆ ತೆರೆದ ಜೀಪಿನಲ್ಲಿ ಕೂತರೆ ಬೆರಳು ಮರಗಟ್ಟುತ್ತವೆ. ಸ್ವೆಟರ್, ಜಾಕೆಟ್ ಎರಡೂ ಬೇಕು. ಕಡುನೀಲಿ, ಕಪ್ಪು ಬಟ್ಟೆ ಬೇಡ, ಕಚ್ಚುವ ತ್ಸೆತ್ಸೆ ನೊಣಗಳನ್ನು ಆ ಬಣ್ಣಗಳು ಸೆಳೆಯುತ್ತವೆ.

ದುಬಾರಿ ಕ್ಯಾಮೆರಾಕ್ಕಿಂತ ತಲಾ ಒಂದು ಬೈನಾಕ್ಯುಲರ್ ಮುಖ್ಯ ಅಂತ ನನ್ನ ಅಭಿಪ್ರಾಯ. ಒಂದನ್ನೇ ಕೈಯಿಂದ ಕೈಗೆ ದಾಟಿಸುವಷ್ಟರಲ್ಲಿ ಮರದ ಮೇಲಿನ ಚಿರತೆ ಇಳಿದು ಹುಲ್ಲಿನೊಳಗೆ ಹೋಗಿಬಿಟ್ಟಿರುತ್ತದೆ.