ಎಷ್ಟನೇ ದಿನಕ್ಕೆ ಮನೆಗೆ ಬಿಡ್ತಾರೆ ಸಿಸ್ಟರ್?

ಪ್ರಶ್ನೆ: ಸಿಸ್ಟರ್‌ಗೆ ನಮಸ್ಕಾರ. ಮಗಳಿಗೆ ಇದು ಚೊಚ್ಚಲು. ಮಗು ತಲೆ ಮೇಲಾಗಿ ಕೂತಿದೆ ಅಂತ ಶಿವಮೊಗ್ಗದ ನರ್ಸಿಂಗ್ ಹೋಂನಲ್ಲಿ ಸಿಜೇರಿಯನ್‌ಗೆ ದಿನ ಕೊಟ್ಟಿದ್ದಾರೆ. ನಾಲ್ಕನೇ ದಿನಕ್ಕೆ ಕಳಿಸ್ತೀವಿ ಅಂತಾರೆ. ನಮ್ಮ ಅತ್ತೆ, ಒಂಬತ್ತು ದಿನ ಆಗದೆ ಹಸಿ ಬಾಣಂತಿಯನ್ನು ಹೊರಡಿಸಬೇಡಿ ಅಂತ ಹಟ ಹಿಡಿದಿದ್ದಾರೆ. ಮಗಳ ಗೆಳತಿ ಲಂಡನ್ನಿನಲ್ಲಿ ಆಪರೇಷನ್ ಆದ ಮರುದಿನವೇ ಮನೆಗೆ ಬಂದಳಂತೆ. ನಮ್ಮದು ನಗರ ಹೋಬಳಿ. ಶಿವಮೊಗ್ಗದಿಂದ ಎರಡೂವರೆ ಗಂಟೆ ದಾರಿ, ಟಾರ್ ರಸ್ತೆ ಮುಗಿದಮೇಲೆ ಮುಕ್ಕಾಲು ಕಿಲೋಮೀಟರ್ ಮಣ್ಣು ರಸ್ತೆ. ಮಳೆಗಾಲ ಬೇರೆ. ಯಾರ ಮಾತು ಕೇಳಲಿ?
— ಒಬ್ಬ ತಾಯಿ, ಹೊಸನಗರ ತಾಲ್ಲೂಕು

ಉತ್ತರ: ಮೂವರೂ ಸುಳ್ಳು ಹೇಳುತ್ತಿಲ್ಲ. ಮೂವರ ಕಾಲ ಬೇರೆ, ಊರು ಬೇರೆ.

ನಿಮ್ಮ ಅತ್ತೆಯವರ ಒಂಬತ್ತು ದಿನಕ್ಕೆ ಕಾರಣ ಇತ್ತು. ಆಗೆಲ್ಲ ಹೊಟ್ಟೆಯನ್ನು ಉದ್ದಕ್ಕೆ ಕೊಯ್ಯುತ್ತಿದ್ದದ್ದೇ ಜಾಸ್ತಿ. ಪೂರ್ತಿ ಎಚ್ಚರ ತಪ್ಪಿಸಿ ಆಪರೇಷನ್. ಮೇಲಿನ ಹೊಲಿಗೆ ತಾನಾಗಿ ಕರಗುವ ದಾರದ್ದಲ್ಲ, ಏಳೆಂಟನೇ ದಿನ ಬಿಚ್ಚಬೇಕಿತ್ತು. ಹೊಲಿಗೆ ಬಿಚ್ಚಲು ಮತ್ತೆ ಬನ್ನಿ ಅಂದರೆ ನಮ್ಮ ಕಡೆಯವರು ಬರುವುದು ಹೇಗೆ? ಅದಕ್ಕೇ ಬಿಚ್ಚಿಯೇ ಕಳಿಸುತ್ತಿದ್ದರು. ಈಗ ಬೆನ್ನಿಗೆ ಇಂಜೆಕ್ಷನ್, ಕೆಳಹೊಟ್ಟೆಯಲ್ಲಿ ಅಡ್ಡ ಕೊಯ್ತ, ಬಹಳ ಕಡೆ ಕರಗುವ ದಾರ. ಹಾಗಾಗಿ ದಿನ ಇಳಿದಿದೆ.

ಲಂಡನ್ ಗೆಳತಿಯ ಮಾತೂ ನಿಜವೇ. ಬ್ರಿಟನ್ನಿನಲ್ಲಿ ಒಂದೆರಡು ದಿನ ಇಟ್ಟುಕೊಳ್ಳುವುದೇ ವಾಡಿಕೆ. ಜ್ವರ ಇಲ್ಲ, ಬೇರೆ ತೊಂದರೆ ಇಲ್ಲ ಅಂದರೆ 24 ಗಂಟೆ ಕಳೆದಮೇಲೆ ಕಳಿಸಬಹುದು ಎಂದು ಅಲ್ಲಿನ ಮಾರ್ಗಸೂಚಿಯೇ ಹೇಳುತ್ತದೆ. ಆದರೆ ಅಲ್ಲಿ ಹಾಗೆ ಕಳಿಸಿದಮೇಲೆ ಮಿಡ್‌ವೈಫ್ ಮನೆಗೇ ಬಂದು ನೋಡುತ್ತಾರೆ. ಅಮೆರಿಕದಲ್ಲಿ ಇನ್ನೊಂದು ಕಥೆ. ಇನ್ಶೂರೆನ್ಸ್‌ನವರು ದುಡ್ಡು ಉಳಿಸಲು ಬಾಣಂತಿಯರನ್ನು ಬೇಗ ಹೊರಡಿಸುತ್ತಾರೆ ಅಂತ ಗಲಾಟೆಯಾಗಿ, 1996ರಲ್ಲಿ ಕಾನೂನೇ ಬಂತು. ಸಿಜೇರಿಯನ್‌ಗೆ 96 ಗಂಟೆಗಿಂತ ಕಡಿಮೆ ದಿನಕ್ಕೆ ಇನ್ಶೂರೆನ್ಸ್ ಮಿತಿ ಹಾಕುವಂತಿಲ್ಲ. 96 ಗಂಟೆ ಅಂದರೆ ನಾಲ್ಕು ದಿನ. ನಿಮ್ಮ ನರ್ಸಿಂಗ್ ಹೋಂನವರು ಹೇಳಿದ್ದೂ ಅಷ್ಟೇ, ನೋಡಿ.

ನಾನು ಮಲೆನಾಡಿನ ಹೆರಿಗೆ ವಾರ್ಡುಗಳಲ್ಲಿ ಮೂವತ್ತೊಂದು ವರ್ಷ ಕಳೆದೆ. ಡಾಕ್ಟರು ರೌಂಡ್ಸ್ ಮುಗಿಸಿ ಬೆನ್ನು ತಿರುಗಿಸಿದ್ದೇ ತಡ, ಬಾಣಂತಿಯ ಅಮ್ಮ ನನ್ನ ಸೆರಗು ಹಿಡಿದು ಕೇಳುತ್ತಿದ್ದ ಪ್ರಶ್ನೆ ಇದೊಂದೇ: "ಎಷ್ಟನೇ ದಿನಕ್ಕೆ ಮನೆಗೆ ಬಿಡ್ತಾರೆ ಸಿಸ್ಟರ್?" ನಾನು ಹೇಳುತ್ತಿದ್ದದ್ದೂ ಒಂದೇ. ದಿನ ಎಣಿಸಬೇಡಿ, ಅವಳನ್ನು ನೋಡಿ. ಆಮೇಲೆ ಮನೆಗೆ ಹೋಗುವ ದಾರಿಯನ್ನು ನೋಡಿ.

ಅವಳನ್ನು ನೋಡುವುದು ಅಂದರೆ ಹೇಗೆ ಹೇಳುತ್ತೇನೆ. ಆಪರೇಷನ್ ಆದ ಕೆಲವು ಗಂಟೆಗೆ ಕಾಲಿಗೆ ಸ್ಪರ್ಶ ಬರುತ್ತದೆ. ಮೂತ್ರದ ಪೈಪನ್ನು ಸಾಮಾನ್ಯವಾಗಿ ಮರುದಿನದ ಹೊತ್ತಿಗೆ ತೆಗೆಯುತ್ತಾರೆ. ಆಮೇಲೆ ಅವಳು ತಾನಾಗಿ ಮೂತ್ರಕ್ಕೆ ಹೋಗಬೇಕು. ವಾರ್ಡಿನಲ್ಲಿ ಎಲ್ಲರೂ ಕೇಳುವ ಇನ್ನೊಂದು ಮಾತಿದೆ, "ಗ್ಯಾಸ್ ಹೋಯ್ತಾ?" ಡಾಕ್ಟರು, ನರ್ಸು, ಆಯಾ, ಪಕ್ಕದ ಮಂಚದವರ ನೆಂಟರು, ಎಲ್ಲರದ್ದೂ ಅದೇ ವಿಚಾರಣೆ. ಹುಡುಗಿಯರು ನಾಚಿಕೆಯಿಂದ ಮುಖ ಮುಚ್ಚಿಕೊಳ್ಳುತ್ತಾರೆ. ನಾಚಿಕೆ ಬೇಡ. ಕರುಳು ಕೆಲಸ ಶುರು ಮಾಡಿತು ಅನ್ನುವುದಕ್ಕೆ ಅದು ಗುರುತು.

ಮೊದಲ ಸಲ ಮಂಚದಿಂದ ಏಳಿಸುವುದು ದೊಡ್ಡ ಕೆಲಸ. ನಿಮ್ಮ ಕಡೆಯವರು ಎರಡು ಕೈ ಹಿಡಿದು ನೆಟ್ಟಗೆ ಎಳೆಯಲು ಹೋಗುತ್ತಾರೆ. ಬೇಡ. ಅವಳು ಮೊದಲು ಪಕ್ಕಕ್ಕೆ ಮಗ್ಗುಲಾಗಲಿ. ಮಂಡಿ ಮಡಚಲಿ. ಕಾಲು ಮಂಚದಿಂದ ಕೆಳಗೆ ಇಳಿಬಿಡುತ್ತಾ ಮೊಣಕೈ ಊರಿ ಮೇಲೇಳಲಿ. ಐದು ನಿಮಿಷ ಹಾಗೇ ಕೂತಿರಲಿ, ಬವಳಿ ಬಂದೀತು. ಆಮೇಲೆ ನಿಲ್ಲಲಿ. ಕೆಮ್ಮು ಬಂದರೆ ಗಾಯದ ಮೇಲೆ ಒಂದು ದಿಂಬು ಒತ್ತಿ ಹಿಡಿಯಲಿ. ನೋವಿದೆ ಅಂತ ಮಲಗಿಸಿಯೇ ಇಟ್ಟರೆ ಕಾಲಿನ ನರದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಇದೆ. ಹಾಗಾಗಿ ಮೊದಲ 24 ಗಂಟೆಯೊಳಗೇ ನಡೆಸುತ್ತಾರೆ. ನಮ್ಮ ವಾರ್ಡಿನ ಕೊನೆಗೊಂದು ಕಿಟಕಿ ಇತ್ತು, ಅದರಾಚೆ ಹಲಸಿನ ಮರ. ಗೋಡೆ ಹಿಡಿಯದೆ ಆ ಕಿಟಕಿವರೆಗೆ ಹೋಗಿ ಬಂದವಳು ಮನೆಗೆ ಹೋಗಲು ತಯಾರು ಅಂತ ನನ್ನದೊಂದು ಲೆಕ್ಕ. ಇದು ಯಾವ ಪುಸ್ತಕದಲ್ಲೂ ಇಲ್ಲ.

ನಿಮ್ಮಂಥ ದೂರದ ಊರಿನವರಿಗೆ ಮೂರರಿಂದ ಐದನೇ ದಿನ ಸ್ವಲ್ಪ ತಕರಾರಿನದ್ದು. ಹಾಲು ತುಂಬಿ ಎದೆ ಕಲ್ಲಾಗುವುದು ಆಗಲೇ. ಮಗುವಿನ ಕಾಮಾಲೆ ಏರುವುದು ಆಗಲೇ. ಬಾಣಂತಿಯ ಬಿ.ಪಿ. ಏರುವುದೂ ಹೆಚ್ಚಾಗಿ ಮೂರರಿಂದ ಆರನೇ ದಿನದ ಒಳಗೆ. ಹೆರಿಗೆ ಆಯ್ತಲ್ಲ, ಇನ್ನೆಂಥ ಬಿ.ಪಿ. ಅನ್ನುತ್ತಾರೆ ಜನ. ಬಸುರಿಯಲ್ಲಿ ಬಿ.ಪಿ. ಇದ್ದವಳಾದರೆ ನಾನಂತೂ ನಾಲ್ಕನೇ ದಿನ ಆ ಮಣ್ಣು ರಸ್ತೆಗೆ ಕರೆದೊಯ್ಯುವುದಿಲ್ಲ. ರಕ್ತ ತೀರಾ ಕಡಿಮೆ ಇದ್ದರೆ, ಸಕ್ಕರೆ ಇದ್ದರೆ, ಜ್ವರ ಬಂದಿದ್ದರೆ ಅದೇ ಮಾತು.

ಯಾವುದೂ ಇಲ್ಲ, ಹುಡುಗಿ ಗೆಲುವಾಗಿದ್ದಾಳೆ ಅಂದರೆ ನಾಲ್ಕನೇ ದಿನ ಡಿಸ್ಚಾರ್ಜ್ ಮಾಡಿಸಿಕೊಳ್ಳಿ. ಆದರೆ ನೇರ ನಿಮ್ಮೂರಿಗೆ ಹೋಗಬೇಡಿ. ಶಿವಮೊಗ್ಗದಲ್ಲಿ ಬೇಕಾದವರ ಮನೆ ಇದ್ದರೆ ಇನ್ನು ಮೂರು ದಿನ ಅಲ್ಲಿರಿ, ಮಗುವನ್ನೂ ಗಾಯವನ್ನೂ ಒಮ್ಮೆ ತೋರಿಸಿಕೊಂಡು ಹೊರಡಿ. ಶರಾವತಿ ಹಿನ್ನೀರಿನಾಚೆಯ ತುಮರಿ ಕಡೆಯ ಎಷ್ಟೋ ಜನ ಹೀಗೆ ಸಾಗರದಲ್ಲಿ ನೆಂಟರ ಮನೆಯಲ್ಲಿ ಉಳಿಯುತ್ತಿದ್ದರು. ರಾತ್ರಿ ಲಾಂಚ್ ಇರಲಿಲ್ಲವಲ್ಲ, ಏನಾದರೂ ಆದರೆ ಹಿನ್ನೀರು ದಾಟುವುದು ಹೇಗೆ? 2025ರ ಜುಲೈನಲ್ಲಿ ಸಿಗಂದೂರು ಸೇತುವೆ ಆಯ್ತು, ಅವರಿಗೆ ಆ ಚಿಂತೆ ತಪ್ಪಿತು. ನಿಮ್ಮ ಮಣ್ಣು ರಸ್ತೆ ಹಾಗೇ ಇದೆ.

ಈಗ ನನ್ನ ಕಥೆ. ನನಗೂ ಮೊದಲನೆಯದು ಸಿಜೇರಿಯನ್, 1991, ಪುನರ್ವಸು ಮಳೆ. ನನ್ನ ಆಸ್ಪತ್ರೆಯಲ್ಲಲ್ಲ, ಬೇರೆ ಊರಿನಲ್ಲಿ. ಹಾಸಿಗೆ ಸಾಲುತ್ತಿರಲಿಲ್ಲ. ಏಳನೇ ದಿನ ಬೆಳಿಗ್ಗೆ ಹೊಲಿಗೆ ಬಿಚ್ಚಿ ಬೇರೆ ಬಟ್ಟೆ ಅಂಟಿಸಿದರು. ಸಂಜೆ ಚೀಟಿ ಬರೆಯುವಾಗ ಆ ಬಟ್ಟೆ ಒಂದು ಮೂಲೆಯಲ್ಲಿ ಒದ್ದೆಯಾಗಿತ್ತು. ಯಾರೂ ಎತ್ತಿ ನೋಡಲಿಲ್ಲ. ನಾನೂ ಬಾಯಿ ಬಿಡಲಿಲ್ಲ. ನರ್ಸ್ ನಾನೇ! ಮನೆ ಸೇರಿದರೆ ಸಾಕಾಗಿತ್ತು. ಬಸ್ಸಿಳಿದು ಗದ್ದೆ ಬದುವಿನ ಮೇಲೆ ನಡೆದು, ಕಾಲುಸಂಕ ದಾಟಿ ಮನೆ ಮುಟ್ಟಿದೆ. ಅಮ್ಮ ಪದ್ಧತಿಯಂತೆ ಹಳೇ ಹತ್ತಿ ಸೀರೆ ಹರಿದು ಹೊಟ್ಟೆ ಬಿಗಿದು ಕಟ್ಟಿದಳು. ಒಂಬತ್ತನೇ ರಾತ್ರಿ ಚಳಿಜ್ವರ. ಬೆಳಿಗ್ಗೆ ಕಟ್ಟು ಬಿಚ್ಚಿದರೆ ಗಾಯ ಎರಡು ಬೆರಳಗಲ ಬಾಯಿ ಬಿಟ್ಟಿತ್ತು. ಪಕ್ಕದ ಮನೆಯವರ ಜೀಪಿನಲ್ಲಿ ವಾಪಸ್ ಹೋಗಿ ಮತ್ತೆ ಹನ್ನೆರಡು ದಿನ ಆಸ್ಪತ್ರೆ. ನಾಮಕರಣಕ್ಕೆ ಅಂತ ಹುರಿದಿಟ್ಟ ರವೆಗೆಲ್ಲ ಹುಳ ಬಿತ್ತು.

ಅದಕ್ಕೇ ಹೇಳುತ್ತೇನೆ, ಹೊರಡುವ ದಿನ ಗಾಯದ ಮೇಲಿನ ಬಟ್ಟೆ ಎತ್ತಿ ನೋಡಿ ಎಂದು ಬಾಯಿ ಬಿಟ್ಟು ಕೇಳಿ. ಹೊಲಿಗೆ ಕರಗುವುದೋ ಬಿಚ್ಚುವುದೋ ಕೇಳಿ. ಬಿ.ಪಿ. ಎಷ್ಟು, ಮಗುವಿನ ತೂಕ ಎಷ್ಟು ಅಂತ ತಾಯಿ ಕಾರ್ಡಿನಲ್ಲಿ ಬರೆಸಿಕೊಳ್ಳಿ. ಮಗುವಿಗೆ ಹುಟ್ಟಿದಾಗ ಹಾಕುವ ಬಿ.ಸಿ.ಜಿ., ಪೋಲಿಯೋ ಹನಿ, ಹೆಪಟೈಟಿಸ್ ಬಿ ಆಗಿದೆಯಾ ನೋಡಿ. ಮೊದಲ ದಿನಗಳಲ್ಲಿ ಮಗು ಸ್ವಲ್ಪ ತೂಕ ಇಳಿಯುವುದು ಸಹಜ, ನೂರಕ್ಕೆ ಹತ್ತು ಭಾಗಕ್ಕಿಂತ ಜಾಸ್ತಿ ಇಳಿದರೆ ಹೊರಡಬೇಡಿ.

ದಾರಿಗೆ ಬಸ್ಸು ಬೇಡ, ಕಾರಾದರೆ ಮುಂದಿನ ಸೀಟು. ಬೆಲ್ಟು ಹಾಕಲೇಬೇಕು, ಕೆಳಗಿನ ಪಟ್ಟಿ ಗಾಯದ ಕೆಳಗೆ ಬರಲಿ. ಆಯನೂರು, ರಿಪ್ಪನ್‌ಪೇಟೆಯಲ್ಲಿ ನಿಲ್ಲಿಸಿ ಇಳಿಸಿ ನಾಲ್ಕು ಹೆಜ್ಜೆ ನಡೆಸಿ. ಮನೆಯಲ್ಲಿ ಮೊದಲ ವಾರಗಳಲ್ಲಿ ಮಗುವಿಗಿಂತ ಭಾರದ್ದೇನನ್ನೂ ಎತ್ತಬಾರದು. ಹಂಡೆ ನೀರಿನ ಸ್ನಾನ ಇರಲಿ, ಆದರೆ ಬಿಸಿ ನೀರನ್ನು ಹೊಟ್ಟೆಗೆ ರಪರಪ ಹೊಡೆಯುವುದು, ಗಾಯದ ಮೇಲೆ ಎಣ್ಣೆ ತಿಕ್ಕುವುದು ಬೇಡ. ಸ್ನಾನವಾದಮೇಲೆ ಗಾಯವನ್ನು ಉಜ್ಜದೆ, ಮೆತ್ತಗೆ ಬಟ್ಟೆ ಒತ್ತಿ ಒಣಗಿಸಿ. ಮಳೆಗಾಲದಲ್ಲಿ ಬಟ್ಟೆಯೇ ಒಣಗುವುದಿಲ್ಲ, ಒಳ ಬಟ್ಟೆಗಳನ್ನು ಇಸ್ತ್ರಿ ಮಾಡಿ ಕೊಡಿ.

ಜ್ವರ 100.4 ಡಿಗ್ರಿ ಮುಟ್ಟಿದರೆ, ಒಂದು ಗಂಟೆಗೇ ಪ್ಯಾಡ್ ಪೂರ್ತಿ ನೆನೆದರೆ, ವಾಸನೆಯ ಸ್ರಾವ ಅಥವಾ ಗಾಯದಲ್ಲಿ ಕೀವು ಕಂಡರೆ, ಒಂದೇ ಮೀನಖಂಡ ಊದಿ ನೋಯುತ್ತಿದ್ದರೆ, ಉಸಿರು ಕಟ್ಟಿದರೆ, ತಲೆ ಸಿಡಿದು ಕಣ್ಣು ಮಂಜಾದರೆ ಬೆಳಗಾಗಲಿ ಎಂದು ಕಾಯಬೇಡಿ. 108ಕ್ಕೆ ಫೋನ್ ಮಾಡಿ. ನಿಮ್ಮ ಮನೆಯಲ್ಲಿ ನೆಟ್‌ವರ್ಕ್ ಎಲ್ಲಿ ಸಿಗುತ್ತದೆ, ಯಾವ ಗುಡ್ಡ ಹತ್ತಬೇಕು ಅಂತ ಇವತ್ತೇ ನೋಡಿಟ್ಟುಕೊಳ್ಳಿ. ಹತ್ತಿರದ ಜೀಪಿನವರ ನಂಬರನ್ನು ಗೋಡೆ ಮೇಲೆ ಬರೆಯಿರಿ.

ಪ್ರಶ್ನೆ: ನನ್ನ ಹೆಂಡತಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಸಿಜೇರಿಯನ್ ಆಯಿತು. ನಾಲ್ಕನೇ ದಿನದಿಂದ ಊಟ ನೀವೇ ತನ್ನಿ ಅಂದರು. ಮನೆಗೆ ಬರಲು ಬಾಡಿಗೆ ಕಾರಿಗೆ 1,800 ರೂಪಾಯಿ ಕೊಟ್ಟೆ. ಇದು ಸರಿಯಾ?
— ಓದುಗ, ಸೊರಬ

ಉತ್ತರ: ಸರಿಯಲ್ಲ. ಜನನಿ ಶಿಶು ಸುರಕ್ಷಾ ಕಾರ್ಯಕ್ರಮ ಅಂತ 2011ರಿಂದ ಇದೆ. ಸರ್ಕಾರಿ ಆಸ್ಪತ್ರೆಯಲ್ಲಿ ಸಿಜೇರಿಯನ್ ಆದವರಿಗೆ ಏಳು ದಿನದವರೆಗೆ ಊಟ ಪುಕ್ಕಟೆ, ಸಾಮಾನ್ಯ ಹೆರಿಗೆಗೆ ಮೂರು ದಿನ. ಆಪರೇಷನ್, ಔಷಧಿ, ಪರೀಕ್ಷೆ, ರಕ್ತ, ಮನೆಗೆ ಬಿಡುವ ಗಾಡಿ ಎಲ್ಲ ಇದರಲ್ಲೇ ಬರುತ್ತದೆ. ನಮ್ಮ ರಾಜ್ಯದಲ್ಲಿ ಮನೆಗೆ ಬಿಡಲೆಂದೇ ನಗು-ಮಗು ಗಾಡಿ ಇದೆ. ಹಿಂದಿನ ದಿನವೇ ಕೇಳಿಡಬೇಕು, ಹೊರಡುವ ಹೊತ್ತಿಗೆ ಕೇಳಿದರೆ ಅದು ಇನ್ಯಾರನ್ನೋ ಬಿಡಲು ಹೋಗಿರುತ್ತದೆ. ದೂರು ಹೇಳಲು 104ಕ್ಕೆ ಫೋನ್ ಮಾಡಿ. ನನ್ನ ಜೊತೆ ಕೆಲಸ ಮಾಡಿದವರಿಗೆ ಇದನ್ನು ಓದಿ ಬೇಜಾರಾಗಬಹುದು. ಆಗಲಿ.

ನಿಮ್ಮೂರ ಆಶಾ ಕಾರ್ಯಕರ್ತೆ ಏಳನೇ ದಿನದಿಂದ ಶುರು ಮಾಡಿ 42ನೇ ದಿನದವರೆಗೆ ಐದು ಸಲ ಮನೆಗೆ ಬರಬೇಕು. ಬರದಿದ್ದರೆ ನೀವೇ ಕರೆಯಿರಿ.

ಪ್ರಶ್ನೆ: ನನಗೆ ಸಿಜೇರಿಯನ್ ಆಗಿ ಮೂರು ದಿನ. ಮಗುವಿಗೆ ಕಾಮಾಲೆ ಅಂತ ನೀಲಿ ಲೈಟಿನ ಕೆಳಗೆ ಇಟ್ಟಿದ್ದಾರೆ. ಮನೆಗೆ ಕರೆದುಕೊಂಡು ಹೋಗಿ ಬೆಳಗಿನ ಎಳೆ ಬಿಸಿಲು ಕಾಯಿಸಿದರೆ ಸಾಕು ಅಂತಾರೆ ನಮ್ಮ ಮಾವ. ನಾನು ಡಿಸ್ಚಾರ್ಜ್ ಕೇಳಲಾ?
— ಹೊಸ ಅಮ್ಮ, ತೀರ್ಥಹಳ್ಳಿ

ಉತ್ತರ: ಪುಷ್ಯ ಮಳೆಯಲ್ಲಿ ತೀರ್ಥಹಳ್ಳಿಗೆ ಎಳೆ ಬಿಸಿಲನ್ನು ಮಾವನವರು ಎಲ್ಲಿಂದ ತರುತ್ತಾರಂತೆ? ತಮಾಷೆಗೆ ಅಂದೆ, ಬೇಸರ ಬೇಡ. ಬಿಸಿಲಿದ್ದರೂ ಅದು ಈ ಲೈಟಿನ ಕೆಲಸ ಮಾಡುವುದಿಲ್ಲ. ಬಹಳ ಮಕ್ಕಳಿಗೆ ಕಾಮಾಲೆ ಎರಡು ಮೂರನೇ ದಿನ ಕಂಡು ತಾನಾಗಿ ಇಳಿಯುತ್ತದೆ. ಆದರೆ ಮಿತಿ ಮೀರಿದರೆ ಮಿದುಳಿಗೆ ಪೆಟ್ಟು. ಲೈಟು ಹಾಕಿದ್ದಾರೆ ಅಂದರೆ ರಕ್ತ ಪರೀಕ್ಷೆ ನೋಡಿಯೇ ಹಾಕಿರುತ್ತಾರೆ. ಇನ್ನೊಂದೆರಡು ದಿನ ಇರಿ, ಎರಡು ಮೂರು ಗಂಟೆಗೊಮ್ಮೆ ಎತ್ತಿಕೊಂಡು ಹಾಲು ಕೊಡಿ. ಮಲಗಿ ಮಗ್ಗುಲಲ್ಲಿ ಕೊಟ್ಟರೆ ಗಾಯಕ್ಕೆ ಭಾರ ಬೀಳುವುದಿಲ್ಲ. ಮನೆಗೆ ಹೋದಮೇಲೆ ಅಂಗೈ ಅಂಗಾಲು ಹಳದಿಯಾದರೆ, ಮಗು ಮಂಕಾಗಿ ಹಾಲು ಬಿಟ್ಟರೆ ತಕ್ಷಣ ವಾಪಸ್ ತನ್ನಿ.

ಪ್ರಶ್ನೆ: ಸಿಜೇರಿಯನ್ ಆದವಳಿಗೆ ನೀರು ಕೊಟ್ಟರೆ ಹೊಲಿಗೆ ಕೀವಾಗುತ್ತದೆ ಅಂತ ಅತ್ತೆ ದಿನಕ್ಕೆ ಎರಡೇ ಲೋಟ ಕೊಡುತ್ತಾರೆ. ನಿಜವಾ?
— ಹೆಸರು ಬೇಡ, ಭದ್ರಾವತಿ

ಉತ್ತರ: ಅಲ್ಲ. ನೀರಿಗೂ ಕೀವಿಗೂ ಸಂಬಂಧ ಇಲ್ಲ. ನೀರು ಕಡಿಮೆಯಾದರೆ ಮಲ ಗಟ್ಟಿಯಾಗುತ್ತದೆ, ತಿಣುಕುವಾಗ ಹೊಲಿಗೆಗೇ ನೋವು. ಮಗುವಿಗೆ ಹಾಲು ಕೊಡುವಾಗಲೆಲ್ಲ ಪಕ್ಕದಲ್ಲೊಂದು ಲೋಟ ನೀರಿರಲಿ. ಅತ್ತೆಯವರಿಗೆ ತಣ್ಣೀರಿನ ಭಯವಿದ್ದರೆ ಜೀರಿಗೆ ಹಾಕಿ ಕುದಿಸಿದ ನೀರು ಕೇಳಿ, ಅದನ್ನು ಅವರು ಇಲ್ಲ ಅನ್ನುವುದಿಲ್ಲ. ಅವರ ಕಾಳುಮೆಣಸಿನ ಸಾರನ್ನೂ ಬಿಡಬೇಡಿ, ಅದೂ ನೀರೇ ತಾನೆ.