ಗಾಜಿನ ಪೆಟ್ಟಿಗೆಯಲ್ಲಿ ಸಾಕಿದ ಇರುವೆಗಳು ಕೆಲವೇ ತಿಂಗಳಲ್ಲಿ ಯಾಕೆ ಸಾಯುತ್ತವೆ?

ಸಾಮಾನ್ಯವಾಗಿ ಕಾರಣ ಒಂದೇ, ಪೆಟ್ಟಿಗೆಯಲ್ಲಿ ರಾಣಿ ಇರುವುದಿಲ್ಲ. ಅಂಗಳದಿಂದ ಹಿಡಿದು ತಂದವು ಕೆಲಸಗಾರ ಇರುವೆಗಳು. ಅವುಗಳ ಆಯುಸ್ಸೇ ಕಡಿಮೆ, ಹೆಚ್ಚಿನ ಜಾತಿಗಳಲ್ಲಿ ಅವು ಹೊಸ ಕೆಲಸಗಾರರನ್ನು ಹುಟ್ಟಿಸಲಾರವು. ರಾಣಿ ಹಾಗಲ್ಲ. ರೆಕ್ಕೆಯಿರುವ ಎಳೆಯ ರಾಣಿ ಗೂಡು ಬಿಟ್ಟು ಹಾರುವ ದಿನ ಗಂಡಿನೊಂದಿಗೆ ಕೂಡಿ, ಆ ವೀರ್ಯವನ್ನು ಹೊಟ್ಟೆಯೊಳಗಿನ ಪುಟ್ಟ ಚೀಲದಲ್ಲಿ ಕಾಪಿಟ್ಟು ವರ್ಷಗಟ್ಟಲೆ ಮೊಟ್ಟೆ ಇಡುತ್ತಾಳೆ. ಸಾಕಿದ ಒಂದು ಕಪ್ಪು ತೋಟದಿರುವೆ ರಾಣಿ 28 ವರ್ಷಕ್ಕೂ ಜಾಸ್ತಿ ಬದುಕಿದ ದಾಖಲೆಯಿದೆ!

ಹಾಗಾಗಿ ರಾಣಿಯಿಂದಲೇ ಶುರು ಮಾಡಿ. ಮೊದಲ ಮಳೆ ಬಿದ್ದ ಮೇಲೆ, ರೆಕ್ಕೆ ಉದುರಿಸಿಕೊಂಡು ನೆಲದ ಮೇಲೆ ಓಡಾಡುವ ದೊಡ್ಡ ಇರುವೆಯನ್ನು ಹುಡುಕಿ. ದೀಪಕ್ಕೆ ಮುತ್ತುವ ಈಸಲು ಗೆದ್ದಲಿನದು, ಅದಕ್ಕೆ ಇರುವೆಯ ಹಾಗೆ ಸಣ್ಣ ಸೊಂಟ ಇರುವುದಿಲ್ಲ. ಗಾಜಿನ ಪ್ರನಾಳದ ತಳದಲ್ಲಿ ನೀರು ತುಂಬಿ, ಹತ್ತಿಯಿಂದ ತಡೆದು, ಆಚೆ ಬದಿಯಲ್ಲಿ ರಾಣಿಯನ್ನು ಬಿಟ್ಟು, ಬಾಯಿಗೂ ಹತ್ತಿ ಇಟ್ಟು ಕತ್ತಲಲ್ಲಿಡಿ. ಗೊದ್ದದಂಥ ಜಾತಿಯಾದರೆ ಆಹಾರವೂ ಬೇಡ. ಇನ್ನು ಬೇಡವಾದ ರೆಕ್ಕೆಯ ಸ್ನಾಯುಗಳನ್ನೇ ಕರಗಿಸಿಕೊಂಡು ಮೊದಲ ಮರಿಗಳನ್ನು ಸಾಕುತ್ತಾಳೆ. ಎಷ್ಟು ದೊಡ್ಡ ತಾಯ್ತನ ಅಲ್ವಾ? ಸುಮ್ನೆ ದಿನಾ ತೆಗೆದು ನೋಡಬೇಡಿ. ಗಾಬರಿಯಾದರೆ ತನ್ನ ಮೊಟ್ಟೆಗಳನ್ನೇ ತಿಂದುಬಿಡುತ್ತಾಳೆ.