ಅಕ್ಕೋರನ್ನು ಕೇಳಿ: ಕಡಲಂಚಿನ ಹಾದಿಯಲ್ಲಿ ಒಬ್ಬರೇ

ಪ್ರಶ್ನೆ: ಅಕ್ಕೋರೇ, ನನಗೆ 54 ವರ್ಷ. ಶಿರಸಿ ಹತ್ತಿರ ನಮ್ಮದು ಅಡಿಕೆ ತೋಟ. ಕೊನೆಕೊಯ್ಲು ಮುಗಿದ ಮೇಲೆ ಹೊನ್ನಾವರದಿಂದ ಗೋಕರ್ಣದವರೆಗೆ ಸಮುದ್ರದ ಅಂಚು ಹಿಡಿದು ಒಬ್ಬಳೇ ನಡೆದು ಹೋಗಬೇಕೆಂಬ ಆಸೆ. ತೋಟ, ಗುಡ್ಡ ಓಡಾಡಿ ಕಾಲು ಗಟ್ಟಿ ಇದೆ. ಮನೆಯವರು "ಕಾರಿನಲ್ಲೇ ಕರೆದುಕೊಂಡು ಹೋಗ್ತೇನಲ್ಲ, ನಡೆಯೋ ಹರಕೆ ಏನಾದರೂ ಇದೆಯಾ" ಎಂದು ಕೇಳುತ್ತಾರೆ. ಹರಕೆ ಇಲ್ಲ. ನಾಲ್ಕು ದಿನ ಯಾರಿಗೂ ಚಹಾ ಮಾಡಿಕೊಡದೆ ನಡೆಯಬೇಕು ಅನ್ನಿಸಿದೆ, ಅಷ್ಟೇ. ದಿನಕ್ಕೆ ಎಷ್ಟು ಕಿಲೋಮೀಟರ್ ಇಟ್ಟುಕೊಳ್ಳಲಿ?
– ಹೆಸರು ಬೇಡ, ಶಿರಸಿ ತಾಲೂಕು

ಹೋಗಿ ಬನ್ನಿ. ಹರಕೆಯ ನೆಪ ಬೇಡ, ಆಸೆಯೇ ಸಾಕು.

ಕಿಲೋಮೀಟರಿನ ಲೆಕ್ಕ ಆಮೇಲೆ ನೋಡೋಣ. ಅದಕ್ಕೂ ಮೊದಲು ಪಂಚಾಂಗ ತೆಗೆಯಿರಿ. ಈ ಹಾದಿಯಲ್ಲಿ ಎಷ್ಟು ಹೊತ್ತಿಗೆ ಎಲ್ಲಿರಬೇಕು ಎಂದು ಹೇಳುವುದು ಸಮುದ್ರದ ಭರತ ಮತ್ತು ಇಳಿತ. ದಿನಕ್ಕೆ ಎರಡು ಭರತ, ಎರಡು ಇಳಿತ. ಪ್ರತಿದಿನ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತವೆ. ನಮ್ಮ ಕರಾವಳಿಯಲ್ಲಿ ಅಮಾವಾಸ್ಯೆ, ಹುಣ್ಣಿಮೆಗೆ ಇಳಿತ ಬರುವುದು ಬೆಳಗಿನ ಐದು-ಆರರ ಆಸುಪಾಸು. ಮಧ್ಯಾಹ್ನದ ಹೊತ್ತಿಗೆ ನೀರು ಪೂರ್ತಿ ಏರಿರುತ್ತದೆ, ಅದೂ ದೊಡ್ಡ ಭರತ. ಇಳಿತಕ್ಕೂ ಭರತಕ್ಕೂ ಸುಮಾರು ಎರಡು ಮೀಟರ್ ವ್ಯತ್ಯಾಸ. ಬೆಳಿಗ್ಗೆ ಆರಾಮವಾಗಿ ದಾಟಿದ ಬಂಡೆಯ ಬುಡದಲ್ಲಿ ಮಧ್ಯಾಹ್ನ ಎದೆಮಟ್ಟದ ನೀರು ಅಪ್ಪಳಿಸುತ್ತಿರುತ್ತದೆ. ಅಷ್ಟಮಿಯ ಹೊತ್ತಿಗೆ ಏರಿಳಿತ ಸಣ್ಣದಾಗುತ್ತದೆ, ಇಳಿತವೂ ಬಿಸಿಲೇರುವವರೆಗೆ ಮುಂದೆ ಹೋಗುತ್ತದೆ.

ಹಾಗಾಗಿ ಚೌತಿ ಅಥವಾ ಪಂಚಮಿಗೆ ಹೊರಡಿ. ಆ ನಾಲ್ಕು ದಿನ ಇಳಿತ ಬೆಳಿಗ್ಗೆ ಎಂಟೂವರೆಯಿಂದ ಹನ್ನೊಂದೂವರೆಯ ಒಳಗೆ ಸಿಗುತ್ತದೆ. ಆರಕ್ಕೆ ಹೊರಟರೆ ನೀರು ನಿಮ್ಮ ಮುಂದೆ ಮುಂದೆ ಇಳಿಯುತ್ತಾ ದಾರಿ ಬಿಡುತ್ತದೆ. ನೀವು ಮಾಘ ಶುದ್ಧ ಪಂಚಮಿಯನ್ನು ನೋಡಿಕೊಳ್ಳಿ. ಕೊಯ್ಲೂ ಮುಗಿದಿರುತ್ತದೆ, ಬಿಸಿಲೂ ಇನ್ನೂ ಬಲಿತಿರುವುದಿಲ್ಲ. ರಥಸಪ್ತಮಿ ದಾರಿಯಲ್ಲೇ ಬರುತ್ತದೆ, ಶಿವರಾತ್ರಿಯ ಜನಜಂಗುಳಿಗೆ ಮೊದಲೇ ಗೋಕರ್ಣ ಮುಟ್ಟುತ್ತೀರಿ.

ದಂಡೆಯಲ್ಲಿ ಎಲ್ಲಿ ಕಾಲಿಡಬೇಕು ಎಂಬುದೂ ಇಳಿತಕ್ಕೇ ಸೇರಿದ ಮಾತು. ಭರತದಲ್ಲಿ ಉಳಿಯುವುದು ಮೇಲಿನ ಒಣ ಮರಳು ಮಾತ್ರ. ಅದರಲ್ಲಿ ಕಾಲು ಹೂತುಹೋಗುತ್ತದೆ, ಜೊತೆಗೆ ಅದು ಸಮುದ್ರದ ಕಡೆಗೆ ವಾಲಿರುತ್ತದೆ. ಉತ್ತರಕ್ಕೆ ನಡೆಯುವ ನಿಮಗೆ ಎಡಗಾಲು ಸದಾ ತಗ್ಗಿನಲ್ಲಿ, ಬಲಗಾಲು ದಿಣ್ಣೆಯಲ್ಲಿ. ಎರಡು ತಾಸು ಹೀಗೆ ನಡೆದರೆ ತೋಟದಲ್ಲಿ ಪಳಗಿದ ಮಂಡಿಯೂ ಕೂಗುತ್ತದೆ. ಇಳಿತದಲ್ಲಿ ತೆರೆ ಬಿಟ್ಟು ಹೋದ ಒದ್ದೆ ಮರಳು ಸಪಾಟು, ಗಟ್ಟಿ. ಹೆಜ್ಜೆ ಅರ್ಧ ಬೆರಳಷ್ಟೂ ಇಳಿಯುವುದಿಲ್ಲ. ಅಲ್ಲೇ ನಡೆಯಿರಿ. ಬಂಡೆಗಳ ಮೇಲೆ ಮಾತ್ರ ಬರಿಗಾಲು ಬೇಡ. ಕಲ್ಲಿಗೆ ಕಚ್ಚಿಕೊಂಡ ಸಿಂಪಿಯ ಅಂಚು ಬ್ಲೇಡಿನಷ್ಟೇ ಹರಿತ, ಪಾಚಿಯಂತೂ ಜಾರುತ್ತದೆ. ಹಳೆಯ ಕ್ಯಾನ್ವಾಸ್ ಶೂ ಸಾಕು.

ಈಗ ದಾರಿ. ಒಟ್ಟು 45-50 ಕಿ.ಮೀ. ಆಗಬಹುದು. ಹೊನ್ನಾವರ ಬಿಟ್ಟರೆ ಕರ್ಕಿಯ ಅಳಿವೆ, ಅಂದರೆ ಹೊಳೆ ಕಡಲು ಸೇರುವ ಜಾಗ. ಅಲ್ಲಿ ನೀರಿಗಿಳಿಯದೆ ಊರೊಳಗೆ ಸುತ್ತಿ ಸೇತುವೆ ಹಿಡಿಯಿರಿ. ಮುಂದೆ ಹಳದೀಪುರ, ಧಾರೇಶ್ವರ. ಆತ್ಮಲಿಂಗದ ಕಥೆಯ ಪಂಚಕ್ಷೇತ್ರಗಳಲ್ಲಿ ಧಾರೇಶ್ವರ ಒಂದು, ಗೋಕರ್ಣ ಇನ್ನೊಂದು. ಹರಕೆ ಇಲ್ಲದಿದ್ದರೂ ದರ್ಶನ ಆದೀತು. ಕುಮಟೆಯಲ್ಲಿ ರಾತ್ರಿ ಉಳಿಯಿರಿ. ಕಡ್ಲೆಯಿಂದ ಬಾಡ, ಕಾಗಾಲದ ಕಡೆಗೆ ನಿಜವಾದ ಕಾಲುದಾರಿ ಶುರು. ಒಂದು ಮರಳದಂಡೆ, ಒಂದು ಗುಡ್ಡ, ಮತ್ತೆ ದಂಡೆ. ಗುಡ್ಡದ ಮೇಲೆ ಚಿರೆಕಲ್ಲಿನ ಹಾಸು, ಮುಳಿಹುಲ್ಲು, ಅಲ್ಲಲ್ಲಿ ಗೇರುಮರ. ಇಳಿಜಾರಿನ ನೊರಜುಕಲ್ಲಿನ ಮೇಲೆ ಅಡ್ಡಡ್ಡ ಹೆಜ್ಜೆ ಇಡಿ. ಅಂಚಿಗೆ ಹೋಗಿ ಫೋಟೊ ತೆಗೆಯುವುದು ಬೇಡ. ಚಿರೆಕಲ್ಲಿನ ಅಂಚು ಮೇಲೆ ಗಟ್ಟಿ ಕಂಡರೂ ತೆರೆಯ ಹೊಡೆತಕ್ಕೆ ಕೆಳಗೆ ಪೊಳ್ಳಾಗಿರುತ್ತದೆ.

ಆಮೇಲೆ ಅಘನಾಶಿನಿ. ನಿಮ್ಮ ಶಿರಸಿಯ ಶಂಕರಹೊಂಡದಲ್ಲಿ ಹುಟ್ಟಿದ ನೀರು ಒಂದೂ ದೊಡ್ಡ ಅಣೆಕಟ್ಟು ಕಾಣದೆ ಇಲ್ಲಿಗೆ ಬಂದು ಕಡಲು ಸೇರುತ್ತದೆ. ಅವಸರ ಮಾಡಬೇಡಿ, ಇಳಿತದ ಹೊತ್ತಿಗೆ ದಡದಲ್ಲಿ ಕುಳಿತು ನೋಡಿ. ಸೊಂಟಮಟ್ಟ ನೀರಿನಲ್ಲಿ ಹೆಂಗಸರು ನಿಂತಿರುತ್ತಾರೆ, ಕೈ ಆಡುತ್ತಿರುವುದಿಲ್ಲ. ಕಾಲಿನಿಂದ ಕೆಸರು ತಡವುತ್ತಿರುತ್ತಾರೆ. ಹೆಬ್ಬೆರಳಿಗೆ ಬೆಳಚು ಎಂಬ ಚಿಪ್ಪಿಮೀನು ತಾಗಿದ್ದೇ ಮುಳುಗಿ, ಹಿಡಿ ತುಂಬ ಎತ್ತಿ ಬುಟ್ಟಿಗೆ ಹಾಕುತ್ತಾರೆ. ನೂರಾರು ಮನೆಗಳ ಒಲೆ ಇದರಿಂದ ಉರಿಯುತ್ತದೆ. ಉಪ್ಪುನೀರಿಗೆ ಜಗ್ಗದ ಕಗ್ಗ ಭತ್ತ ಬೆಳೆಯುವ ಗಜನಿ ಗದ್ದೆಗಳೂ ಇದೇ ಅಳಿವೆಯವು. 2024ರಲ್ಲಿ ಈ ಅಳಿವೆ ಜಗತ್ತಿನ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಬಂದರು, ಸ್ಥಾವರ ಎಂದು ಇದರ ಮೇಲೆ ಬಿದ್ದ ಕಣ್ಣುಗಳು ಒಂದೆರಡಲ್ಲ. ಈ ದಡದಲ್ಲಿ ಒಂದು ತಾಸು ಕೂತವರು ಅದಕ್ಕೆ ಒಪ್ಪಲಾರರು ಎಂದು ನಾನು ನಂಬಿದ್ದೇನೆ, ಶಾಲೆಯ ಮಕ್ಕಳನ್ನು ಕರೆತಂದು ಕೂರಿಸಿದ್ದೂ ಅದಕ್ಕೇ.

ಅಳಿವೆಯಲ್ಲಿ ಎಂದೂ ನಡೆದು ದಾಟಬೇಡಿ. ನೀರು ಮೊಣಕಾಲಿಗೆ ಕಂಡರೂ ಇಳಿತದಲ್ಲಿ ಹೊಳೆಯ ನೀರೂ ಭರತದ ನೀರೂ ಒಟ್ಟಾಗಿ ಕಡಲಿಗೆ ಓಡುತ್ತಿರುತ್ತವೆ. ಈಜು ಬಲ್ಲವರನ್ನೂ ಆ ಸೆಳೆತ ಎಳೆದೊಯ್ಯುತ್ತದೆ. ಅಘನಾಶಿನಿ ಊರಿನಿಂದ ತದಡಿಗೆ ದೋಣಿ ಇದೆ. ಹಿಂದಿನ ದಿನವೇ ಹೊತ್ತು ವಿಚಾರಿಸಿ, ಸಂಜೆಯ ಕೊನೆಯ ದೋಣಿಯನ್ನು ನೆಚ್ಚಬೇಡಿ. ತದಡಿಯಿಂದ ಬೆಲೇಕಾನ, ಪ್ಯಾರಡೈಸ್, ಹಾಫ್ ಮೂನ್, ಓಂ, ಕುಡ್ಲೆ ಕಡಲತೀರಗಳು, ಆಮೇಲೆ ಗೋಕರ್ಣ. ಹಾಫ್ ಮೂನ್ ಮತ್ತು ಓಂ ನಡುವಿನ ಕಾಲುದಾರಿ ಕಿರಿದು, ಹಗಲಲ್ಲೇ ದಾಟಿ.

ಕಿಲೋಮೀಟರ್ ಕೇಳಿದ್ದಿರಿ. ದಿನಕ್ಕೆ ಹನ್ನೆರಡು ಸಾಕು. ಬೆಳಿಗ್ಗೆ ಹನ್ನೊಂದೂವರೆಯೊಳಗೆ ನಡಿಗೆ ಮುಗಿಸಿ, ಉಳಿದ ಹೊತ್ತು ಊರಿನಲ್ಲಿ ಕಳೆಯಿರಿ. ಯಾರಾದರೂ ಚಹಾ ಕೊಟ್ಟರೆ ಕುಡಿಯಿರಿ.

ಪ್ರಶ್ನೆ: ಕಾರವಾರದಿಂದ ಗೋಕರ್ಣಕ್ಕೆ ಸಮುದ್ರದಂಡೆ ಬಿಡದೆ ನಡೆಯಲು ಸಾಧ್ಯವೇ? ಮ್ಯಾಪಿನಲ್ಲಿ ದಾರಿ ಇರುವಂತೆ ಕಾಣುತ್ತದೆ.
– ಕಾಲೇಜು ವಿದ್ಯಾರ್ಥಿ, ಹುಬ್ಬಳ್ಳಿ

ಸಾಧ್ಯವಿಲ್ಲ. ಕಾರವಾರದ ಟ್ಯಾಗೋರ್ ಕಡಲತೀರದಿಂದ ಬಿಣಗಾ ಕಡೆಗೆ ಹೋಗುತ್ತಿದ್ದಂತೆ ನೌಕಾಪಡೆಯ ಜಾಗ ಶುರುವಾಗುತ್ತದೆ. ಸೀಬರ್ಡ್ ಯೋಜನೆಯ ಕದಂಬ ನೌಕಾನೆಲೆ 2005ರಲ್ಲಿ ಆರಂಭವಾಯಿತು. ಅರಗಾ ಸುತ್ತಿನ ದಂಡೆಗೆ ಹೊರಗಿನವರಿಗೆ ಪ್ರವೇಶವಿಲ್ಲ. ಅಲ್ಲಿ ಬೇಲಿ ದಾಟುವುದು, ಡ್ರೋನ್ ಹಾರಿಸುವುದು, ಫೋಟೊ ತೆಗೆಯುವುದು ಸಾಹಸವೂ ಅಲ್ಲ, ತಮಾಷೆಯೂ ಅಲ್ಲ. ಆ ದಂಡೆಯ ಮೇಲೆ ಮನೆ, ದೋಣಿ ಇದ್ದ ಕುಟುಂಬಗಳೇ ಎಲ್ಲ ಬಿಟ್ಟು ಎದ್ದುಹೋದವು. ಅವರೂ ಈಗ ಅಲ್ಲಿ ನಡೆಯುವಂತಿಲ್ಲ ಎಂಬುದು ನೆನಪಿರಲಿ.

ಹೆದ್ದಾರಿ 66ರ ಅಂಚಿನಲ್ಲಿ ನಡೆಯುವ ಯೋಚನೆಯೂ ಬೇಡ, ಲಾರಿಗಳ ಓಟಕ್ಕೆ ಅಲ್ಲಿ ಲೆಕ್ಕವಿಲ್ಲ. ಕಾರವಾರದಿಂದ ಹಾರವಾಡದವರೆಗೆ ಬಸ್ಸು ಅಥವಾ ರೈಲು ಹಿಡಿಯಿರಿ. ಅಲ್ಲಿಂದ ಬೇಲೆಕೇರಿ, ಕೇಣಿ, ಅಂಕೋಲೆ, ಮಂಜಗುಣಿ, ಗಂಗಾವಳಿ ಹೊಳೆ ದಾಟಿ ಗೋಕರ್ಣ. ಅಂಕೋಲೆಯಲ್ಲಿ ಒಂದು ದಿನ ನಿಲ್ಲಿ. 1930ರಲ್ಲಿ ಉಪ್ಪಿನ ಕಾನೂನು ಮುರಿದ ಊರದು. ಇವತ್ತಿಗೂ ಗೋಕರ್ಣದ ಪಕ್ಕದ ಸಾಣಿಕಟ್ಟಾದಲ್ಲಿ ಗದ್ದೆಗೆ ಸಮುದ್ರದ ನೀರು ಕಟ್ಟಿ ಉಪ್ಪು ತೆಗೆಯುತ್ತಾರೆ, ಬೇಸಿಗೆಗೆ ಹೋದರೆ ನೋಡಲು ಸಿಗುತ್ತದೆ.

ಪ್ರಶ್ನೆ: ಹೋಮ್‌ಸ್ಟೇ ಖರ್ಚು ಉಳಿಸಲು ದಂಡೆಯಲ್ಲೇ ಟೆಂಟ್ ಹಾಕಬಹುದಾ? ರಾತ್ರಿ ಕ್ಯಾಂಪ್‌ಫೈರ್ ಮಾಡುವ ಆಸೆಯೂ ಇದೆ.
– ಬೆಂಗಳೂರು

ಬೇಡ. ರಾತ್ರಿ ಭರತ ಎಲ್ಲಿಯವರೆಗೆ ಏರುತ್ತದೆ ಎಂದು ಹೊಸಬರಿಗೆ ಗೊತ್ತಾಗುವುದಿಲ್ಲ, ಒಬ್ಬರೇ ಇದ್ದರೆ ಎಬ್ಬಿಸುವವರೂ ಇಲ್ಲ. ಅದಕ್ಕಿಂತ ದೊಡ್ಡ ಕಾರಣ ಕಡಲಾಮೆ. ನೀವು ನಡೆಯಲು ಬಯಸುವ ಚಳಿಗಾಲದ ತಿಂಗಳುಗಳಲ್ಲೇ ಆಲಿವ್ ರಿಡ್ಲಿ ಆಮೆಗಳು ಹೊನ್ನಾವರದ ಆಸುಪಾಸಿನ ದಂಡೆಗೆ ಮೊಟ್ಟೆಯಿಡಲು ಬರುತ್ತವೆ. ಬರುವುದು ರಾತ್ರಿ. ಬೆಳಕು, ಸದ್ದು ಕಂಡರೆ ಮೊಟ್ಟೆಯಿಡದೆ ಹಿಂದಿರುಗುತ್ತವೆ. ಒಂದು ಗೂಡಿನಲ್ಲಿ ನೂರರ ಸುಮಾರು ಮೊಟ್ಟೆ. ಏಳೆಂಟು ವಾರದಲ್ಲಿ ಒಡೆದು ಬರುವ ಮರಿಗಳು ಬೆಳಕಿರುವ ಕಡೆ ಓಡುತ್ತವೆ. ಕತ್ತಲ ದಂಡೆಯಲ್ಲಿ ಬೆಳಕಿರುವುದು ಕಡಲ ಕಡೆ. ನಿಮ್ಮ ಬೆಂಕಿ ಉರಿಯುತ್ತಿದ್ದರೆ ಅವು ಅದರತ್ತ ಬರುತ್ತವೆ. ಅರಣ್ಯ ಇಲಾಖೆಯವರು ಗೂಡಿಗೆ ಬಲೆ ಸುತ್ತಿ ಬೇಲಿ ಹಾಕಿದ್ದು ಕಂಡರೆ ದೂರದಿಂದ ಸುತ್ತಿಕೊಂಡು ಹೋಗಿ.

ಮೀನುಗಾರರು ದಂಡೆಯಿಂದ ಬಲೆ ಎಳೆಯುತ್ತಿದ್ದಾಗಲೂ ಹೀಗೆಯೇ. ಹಗ್ಗ ದಾಟಬೇಡಿ, ಅವರ ಹಿಂದಿನಿಂದ ಹೋಗಿ. ಹೋಗುವಾಗ "ಮುಂದಿನ ಬಂಡೆ ದಾಟಬಹುದಾ" ಎಂದು ಕೇಳಿ. ಅವರ ಉತ್ತರ ನಿಮ್ಮ ಫೋನಿನ ಮ್ಯಾಪಿಗಿಂತ ಹೊಸದಾಗಿರುತ್ತದೆ.

ಪ್ರಶ್ನೆ: ಮಗಳು ಬ್ಯಾಂಕಿನಲ್ಲಿ ಕೆಲಸದಲ್ಲಿದ್ದಾಳೆ. ರಜೆ ಹಾಕಿ ಮುರ್ಡೇಶ್ವರದಿಂದ ಒಬ್ಬಳೇ ನಡೆಯುತ್ತೇನೆ ಎನ್ನುತ್ತಾಳೆ. ಗುಡ್ಡದ ಹಿಂದೆ ಫೋನ್ ಸಿಗದಿದ್ದರೆ ನನಗೆ ಜೀವ ಹೋದಂತಾಗುತ್ತದೆ. ತಡೆಯಲೇ?
– ತಾಯಿ, ಅಂಕೋಲಾ

ತಡೆಯಬೇಡಿ ತಾಯೀ. ನಿಮ್ಮ ಹೆದರಿಕೆ ಸುಳ್ಳಲ್ಲ, ಆದರೆ ಅದಕ್ಕೆ ಮಾಡುವ ಕೆಲಸಗಳಿವೆ. ಪ್ರತಿ ರಾತ್ರಿ ಎಲ್ಲಿ ಉಳಿಯುತ್ತಾಳೆ ಎಂಬುದು ಹೊರಡುವ ಮೊದಲೇ ನಿಮಗೆ ಗೊತ್ತಿರಲಿ, ಆ ಮನೆಯವರ ಜೊತೆ ನೀವೇ ಒಮ್ಮೆ ಮಾತನಾಡಿ. ದಿನವಿಡೀ ಫೋನ್ ಮಾಡಬೇಡಿ. ಅವಳ ಬ್ಯಾಟರಿಯೂ ನಿಮ್ಮ ನೆಮ್ಮದಿಯೂ ಖಾಲಿಯಾಗುತ್ತವೆ. ಬೆಳಿಗ್ಗೆ ಹೊರಡುವಾಗ ಒಂದು, ಮಧ್ಯಾಹ್ನ ಮುಟ್ಟಿದ ಮೇಲೆ ಒಂದು ಕರೆ ಎಂದು ಮಾತಾಡಿಕೊಳ್ಳಿ. ಮಧ್ಯಾಹ್ನ ಎರಡರವರೆಗೂ ಕರೆ ಬಾರದಿದ್ದರೆ ಉಳಿಯುವ ಮನೆಗೆ ಕೇಳಿ, ಅಲ್ಲೂ ಮುಟ್ಟಿಲ್ಲವಾದರೆ 112ಕ್ಕೆ ಹೇಳಿ. ಕುಮಟೆ, ಹೊನ್ನಾವರ, ಮಂಕಿ, ಮುರ್ಡೇಶ್ವರ ಎಲ್ಲ ಕಡೆ ಕೊಂಕಣ ರೈಲಿನ ನಿಲ್ದಾಣ ಇದೆ. ಕಾಲು ಉಳುಕಿದರೆ, ಬೇಸರ ಬಂದರೆ ಅರ್ಧ ದಿನದಲ್ಲಿ ಮನೆ ಸೇರಬಹುದು. ಅರ್ಧಕ್ಕೆ ವಾಪಸು ಬಂದರೆ ಮನೆಯಲ್ಲಿ ಯಾರೂ "ನಾ ಹೇಳಿರಲಿಲ್ಲವಾ" ಎನ್ನಕೂಡದು. ಈ ಮಾತನ್ನು ಅವಳು ಹೊರಡುವ ಮುಂಚೆಯೇ ಅವಳೆದುರು ಎಲ್ಲರಿಗೂ ಹೇಳಿಬಿಡಿ.